ಪಾನ್ ಅಂಗಡಿಯ ತಿರುವು

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ವಾರಕ್ಕೆ ಮೂರು ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಸಂಬಳದ ಕೆಲಸ ಅಲ್ಲ, ಇಷ್ಟಪಟ್ಟು ಹಚ್ಚಿಕೊಂಡಿದ್ದು. ಅಲ್ಲಿಗೆ ಬರುವ ಒಬ್ಬ ಹುಡುಗನ ಮಾತು ಹೇಳಬೇಕು. ಹೆಸರು ಬೇಡ. ಏಳನೇ ಇಯತ್ತೆ.

ಶಾಲೆಗೆ ಅಂತ ಮನೆ ಬಿಡುತ್ತಿದ್ದ, ಶಾಲೆ ಮುಟ್ಟುತ್ತಿರಲಿಲ್ಲ. ದೊಡ್ಡ ಹುಡುಗರ ಜೊತೆ ಕೆರೆ ದಂಡೆಯಲ್ಲಿ ಕೂತಿರುತ್ತಿದ್ದ. ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆದರೆ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು ತಗೊಂಡು ಅಂಗೈಯಲ್ಲೇ ಕಲಸಿಕೊಳ್ಳುತ್ತಾರೆ. ಅವನ ಕಿಸೆಯಲ್ಲಿ ಆ ಎರಡು ಚೀಟು ಕಂಡ ರಾತ್ರಿ ನನಗೆ ಊಟ ಸೇರಲಿಲ್ಲ.

ಮೊದಲು ನಾನೂ ಬೈದೆ. "ಯಾಕ ಹಿಂಗ ಮಾಡ್ತಿಯೋ ತಮ್ಮಾ?" ತಲೆ ತಗ್ಗಿಸಿ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಒಂದು ಸಂಜೆ ಅವನ ಲೆಕ್ಕದ ವಹಿಯ ಕೊನೆಯ ಹಾಳೆ ತೆಗೆದೆ. "ಮನಿಯಿಂದ ಸಾಲಿಗೆ ಹೋಗೂ ದಾರಿ ತೆಗಿ" ಅಂದೆ. ತೆಗೆದ. ಮನೆ, ನಳ, ಹಿಟ್ಟಿನ ಗಿರಣಿ, ಪಾನ್ ಅಂಗಡಿ. ಅಲ್ಲಿ ಪೆನ್ಸಿಲ್ ನಿಂತಿತು.

"ಅಕ್ಕಾರ, ಇಲ್ಲೀತನಕ ನಾ ಸಾಲಿಗೇ ಹೊಂಟಿರ್ತೇನ್ರಿ. ಇಲ್ಲಿ ಅವರು ಕರೀತಾರ್ರಿ."

ನಾನು ಇಡೀ ಹುಡುಗನನ್ನು ತಿದ್ದಲು ಹೊರಟಿದ್ದೆ. ದಾರಿ ತಪ್ಪುತ್ತಿದ್ದುದು ಆ ಹತ್ತು ಹೆಜ್ಜೆಯಲ್ಲಿ.

ಕೇಳುತ್ತಾ ಹೋದಂತೆ ಇನ್ನೊಂದು ತಿಳಿಯಿತು. ಹೋಂವರ್ಕ್ ಆಗದ ದಿನವೇ ಅವರ ಹಿಂದೆ ಹೋಗುತ್ತಿದ್ದ. ಅವ್ವ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗುತ್ತಾಳೆ. ಅವಳು ಬರೋತನಕ ತಂಗಿಯನ್ನು ನೋಡಿಕೊಳ್ಳೋನು ಇವನೇ. ಬರೆಯದೆ ಹೋದರೆ ಎಲ್ಲರ ಮುಂದೆ ನಿಂತು ಬೈಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಹೊಡೆಯೋದನ್ನಷ್ಟೇ ತಡೆಯುವುದಿಲ್ಲ, ಮನಸ್ಸಿಗೆ ಹಿಂಸೆ ಕೊಡೋದನ್ನೂ ತಡೆಯುತ್ತದೆ. ಶಿಕ್ಷಕರು ಕೇಳುತ್ತಿದ್ದರೆ, ದಯವಿಟ್ಟು ಇದನ್ನು ನೆನಪಿಡಿ.

ಮುಂದೆ ಪಾಠದ ಮೊದಲ ಅರ್ಧ ಗಂಟೆ ಹೋಂವರ್ಕಿಗೇ ಇಟ್ಟೆವು. ತಂಗಿಯನ್ನೂ ಕರ್ಕೊಂಡು ಬಾ ಅಂದೆ. ಬೆಳಿಗ್ಗೆ ಗಿರಣಿ ಹಿಂದಿನ ಸಂದಿಯಿಂದ ಶಾಲೆಗೆ ಹೋಗೋದು ಅಂತ ಅವನೇ ಗೆರೆ ಎಳೆದ. ತಂಬಾಕು ಬಿಡಲು ನೆರವಾಗುವ 1800112356 ಅನ್ನುವ ಉಚಿತ ನಂಬರಿಗೆ ಅವ್ವನ ಎದುರೇ ಫೋನ್ ಮಾಡಿಸಿದೆ.

ಹೋದ ತಿಂಗಳು ಎರಡು ದಿನ ಮತ್ತೆ ಕೆರೆಗೆ ಹೋದ. ಸಂಜೆ ಬಂದವನು ನಾನು ಕೇಳೋ ಮೊದಲೇ ವಹಿ ತೆರೆದು ಬೆರಳಿಟ್ಟ.

"ಅಕ್ಕಾರ, ಗಿರಣಿ ಸಂದ್ಯಾಗ ಮಳಿ ನೀರು ನಿಂತಿತ್ರಿ. ಅದಕ್ಕ ಈ ಕಡೆ ಬಂದೆ."

ಇಬ್ಬರೂ ಕೂತು ಮೂರನೇ ದಾರಿ ಹುಡುಕಿದೆವು.