ಹಾಡು ಸುಮ್ಮನಾದಾಗ ಹುಟ್ಟಿದ ಕುಣಿತ

ಎಲ್ಲರಿಗೂ ನಮಸ್ಕಾರ.

ಎಂಬತ್ತರ ದಶಕದ ಕಾಲೇಜ್ ಡೇ ನೋಡಿದವರಿಗೆ ‘ಬ್ರೇಕ್ ಡ್ಯಾನ್ಸ್’ ಅಂದರೆ ಕೀಲುಬೊಂಬೆಯ ಹಾಗೆ ಕೈಕಾಲು ಆಡಿಸುವುದು. ಅದರ ಹೆಸರು ಪಾಪಿಂಗ್, ಅದು ಕ್ಯಾಲಿಫೋರ್ನಿಯಾದ್ದು. ನಾನಿವತ್ತು ಹೇಳಹೊರಟಿರುವ ಬ್ರೇಕಿಂಗ್ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ್ದು. ಇಲ್ಲಿ ಬ್ರೇಕ್ ಅಂದರೆ ಮೈ ಮುರಿಯುವುದಲ್ಲ. ಹಾಡಿನ ನಡುವೆ ಗಾಯನ, ವಾದ್ಯ ಎಲ್ಲ ಸುಮ್ಮನಾಗಿ ಡ್ರಮ್ಸ್ ಮಾತ್ರ ಮೊಳಗುವ ಕೆಲವು ಕ್ಷಣಗಳಿರುತ್ತವಲ್ಲ, ಅದು ಬ್ರೇಕ್.

1973ರ ಆಗಸ್ಟ್ 11. ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಸತಿ ಕಟ್ಟಡ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಸಿಂಡಿ ಕ್ಯಾಂಪ್‌ಬೆಲ್‌ಗೆ ದುಡ್ಡು ಬೇಕಿತ್ತು. ಅಲ್ಲೇ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್, ಜಮೈಕಾದಿಂದ ಬಂದವನು. ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು ಅವನೇ. ಜನ ಕಾಯುವುದೇ ಬ್ರೇಕಿಗಾಗಿ ಎಂಬುದನ್ನು ಅವನು ಕಂಡುಕೊಂಡ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದೇ ಜಾಗಕ್ಕೆ ಮುಳ್ಳು ಇಡುತ್ತಿದ್ದ. ಕ್ಷಣಗಳು ನಿಮಿಷಗಳಾದವು. ಆ ಹೊತ್ತಿಗೆಂದೇ ಕಾದು ನಿಂತು ಅಂಗಳಕ್ಕೆ ಧುಮುಕುತ್ತಿದ್ದವರನ್ನು ಬಿ-ಬಾಯ್, ಬಿ-ಗರ್ಲ್ ಎಂದು ಕರೆದರು; ಬಿ ಅಂದರೆ ಬ್ರೇಕ್. ಆ ಮೊದಲಿಗರು ಹೆಚ್ಚಾಗಿ ಕಪ್ಪು ಜನರ ಮಕ್ಕಳು. ಎಪ್ಪತ್ತರ ದಶಕದ ಕೊನೆಗೆ ಅವರಲ್ಲಿ ಅನೇಕರು ಕೈಬಿಟ್ಟಾಗ ಪೋರ್ಟೊರಿಕೊ ಮೂಲದ ಹುಡುಗರು ಎತ್ತಿಕೊಂಡರು. 1977ರಲ್ಲಿ ಶುರುವಾದ ರಾಕ್ ಸ್ಟೆಡಿ ಕ್ರೂ ಅವರದೇ ಬಳಗ.

ತಲೆಯ ಮೇಲೆ ಗಿರ್ರನೆ ತಿರುಗಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನನ್ನ ಕಣ್ಣು ಹೋಗುವುದು ಫುಟ್‌ವರ್ಕ್ ಕಡೆಗೆ. ಸಿಕ್ಸ್ ಸ್ಟೆಪ್ ನೋಡಿ: ಕುಕ್ಕರಗಾಲಿನಲ್ಲಿ ಕೂತು, ಅಂಗೈ ನೆಲಕ್ಕೆ ಊರಿ, ಆರೇ ಹೆಜ್ಜೆಯಲ್ಲಿ ಕಾಲುಗಳು ಮೈಯ ಸುತ್ತ ಒಂದು ಸುತ್ತು ಬರಬೇಕು. ಕಾಲು ಹಾಯುವಾಗ ಆ ಕಡೆಯ ಕೈ ಎದ್ದು ದಾರಿ ಬಿಡಬೇಕು. ಕೂತ ಭಾಗ ನೆಲ ಮುಟ್ಟುವಂತಿಲ್ಲ. ಕಲಿಯುವವರ ಮಣಿಕಟ್ಟು ಮೊದಲ ವಾರವೇ ನೋಯುತ್ತದೆ. ಆಮೇಲೆ ಒಂದು ಡ್ರಮ್ ಪೆಟ್ಟಿಗೆ ಸರಿಯಾಗಿ ಇಡೀ ಮೈ ಕಲ್ಲಿನಂತೆ ನಿಲ್ಲುತ್ತದಲ್ಲ, ಅದು ಫ್ರೀಜ್. ಪೆಟ್ಟು ತಪ್ಪಿದರೆ ಎಷ್ಟು ಕಷ್ಟದ ಭಂಗಿಯಾದರೂ ಸಪ್ಪೆ.

ಇನ್ನೊಬ್ಬರ ವರಸೆ ಕದ್ದರೆ ‘ಬೈಟಿಂಗ್’ ಅನ್ನುತ್ತಾರೆ, ಈ ವಲಯದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎದುರುಬದುರು ನಿಂತು ಸರದಿಯಂತೆ ಕುಣಿದು ಪೈಪೋಟಿಗಿಳಿದಾಗ ಎದುರಾಳಿ ಮಾಡಿದ್ದಕ್ಕೆ ಉತ್ತರ ಕೊಡಬೇಕು, ಅದೂ ನಿಮ್ಮದೇ ಆಗಿರಬೇಕು.

2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬ್ರೇಕಿಂಗ್ ಬಂತು. ಜಪಾನಿನ ಅಮಿ, ಕೆನಡಾದ ಫಿಲ್ ವಿಝಾರ್ಡ್ ಚಿನ್ನ ಗೆದ್ದರು. ಮತ್ತೆ ಸಿಕ್ಕರೆ ಆ ವಿಡಿಯೋ ನೋಡಿ. ಡಿಜೆ ಯಾವ ಹಾಡು ಹಾಕುತ್ತಾರೆಂದು ಕುಣಿಯುವವರಿಗೆ ಮೊದಲೇ ತಿಳಿದಿರುವುದಿಲ್ಲ. ಅದಕ್ಕೇ ಬಂದವರು ನೇರ ನೆಲಕ್ಕೆ ಇಳಿಯುವುದಿಲ್ಲ. ಮೊದಲು ನಿಂತೇ ಒಂದಿಷ್ಟು ಹೆಜ್ಜೆ ಹಾಕುತ್ತಾರೆ. ಅದಕ್ಕೆ ಟಾಪ್‌ರಾಕ್ ಎಂದು ಹೆಸರು. ಆ ಹೆಜ್ಜೆ ಹಾಕುತ್ತಲೇ ಅವರ ಕಿವಿ ಡ್ರಮ್ಸ್ ಎಲ್ಲಿದೆ ಎಂದು ಹುಡುಕುತ್ತಿರುತ್ತದೆ.