ಇದ್ದಕ್ಕಿದ್ದ ಹಾಗೆ ಸುತ್ತಲಿನದೆಲ್ಲಾ ಸುಳ್ಳು ಅನ್ನಿಸಿದೆಯಾ?

[ದೃಶ್ಯ: ದರ್ಶಿನಿಯ ಸ್ಟೀಲ್ ಟೇಬಲ್, ಅರ್ಧ ಲೋಟ ಕಾಫಿ, ಹಿಂದೆ ಟ್ರಾಫಿಕ್ ಸದ್ದು]

ಬನಶಂಕರಿ ಕಡೆ ಒಂದು ದರ್ಶಿನಿ. ಬೆಳಿಗ್ಗೆ ಎಂಟೂವರೆ. ನಾನು, ನನ್ನ ಸ್ನೇಹಿತ ನಿಂತುಕೊಂಡೇ ಬೈ-ಟು ಕಾಫಿ ಕುಡಿಯುತ್ತಿದ್ದೆವು. ರಸ್ತೆಯಾಚೆ ಒಂದು ಮೆಡಿಕಲ್ ಶಾಪ್. ಬೋರ್ಡ್ ಮೇಲೆ ಹಸಿರು ಬಣ್ಣದಲ್ಲಿ ‘ಔಷಧಿ’ ಅಂತ ಬರೆದಿತ್ತು. ಸುಮ್ನೆ ಅದನ್ನೇ ನೋಡುತ್ತಿದ್ದೆ.

ಇದ್ದಕ್ಕಿದ್ದ ಹಾಗೆ ಆ ‘ಔ’ ಅಕ್ಷರವೇ ಅಲ್ಲ ಅನ್ನಿಸಿತು. ಒಂದು ಸುರುಳಿ, ಅದಕ್ಕೊಂದು ಕೊಂಬು, ಅಷ್ಟೇ. ಓದುವುದಕ್ಕೇನೋ ಬರುತ್ತಿತ್ತು. ಆದರೆ ಅದನ್ನು ಯಾವತ್ತೂ ನೋಡೇ ಇಲ್ಲ ಅನ್ನುವ ಹಾಗಿತ್ತು. ಆಮೇಲೆ ಅದು ಬೋರ್ಡಿಗೇ ನಿಲ್ಲಲಿಲ್ಲ. ರಸ್ತೆ, ಬಸ್ಸು, ಎದುರಿಗಿದ್ದ ಸ್ನೇಹಿತ, ಎಲ್ಲಾ ಗಾಜಿನ ಆಚೆ ಸರಿದಂತಾಯಿತು. ನಾನು ‘ಹ್ಞೂ’ ಅಂದೆ. ಆ ‘ಹ್ಞೂ’ ಬೇರೆ ಯಾರೋ ಅಂದಂತೆ ಕೇಳಿಸಿತು.

ಒಂದು ನಿಮಿಷ ಇದ್ದಿರಬಹುದು. ತಲೆಯಲ್ಲಿ ಓಡುತ್ತಿದ್ದುದು ಒಂದೇ ಪ್ರಶ್ನೆ: ನನಗೆ ಹುಚ್ಚು ಹಿಡೀತಿದೆಯಾ?

[ದೃಶ್ಯ: ಕ್ಯಾಮೆರಾ ಮುಂದೆ]

ಇಲ್ಲ. ಇದಕ್ಕೊಂದು ಹೆಸರಿದೆ, ಡಿರಿಯಲೈಸೇಷನ್. ಲೋಕ ನಿಜವಲ್ಲ ಅನ್ನಿಸುವುದು. ನಾನೇ ನಿಜವಲ್ಲ, ನನ್ನನ್ನು ನಾನೇ ದೂರ ನಿಂತು ನೋಡುತ್ತಿದ್ದೇನೆ ಅನ್ನಿಸಿದರೆ ಅದು ಡಿಪರ್ಸನಲೈಸೇಷನ್. ನನ್ನ ‘ಹ್ಞೂ’ ಕಥೆ ಈ ಎರಡನೆಯದು. ಎರಡೂ ಸಾಮಾನ್ಯವಾಗಿ ಒಟ್ಟೊಟ್ಟಿಗೇ ಬರುತ್ತವೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಪದ ಅಂತ ಇಲ್ಲ. ‘ಏನೋ ಒಂಥರಾ ಆಗ್ತಿದೆ’ ಅಂತೀವಿ. ಹಾಗಾಗಿ ಡಾಕ್ಟರ್ ಹತ್ತಿರ ಹೋದರೂ ವಿವರಿಸುವುದಕ್ಕೆ ಆಗುವುದಿಲ್ಲ. ನಾನು ಹೋದ ಒಂದು ಕ್ಲಿನಿಕ್ಕಿನಲ್ಲಿ ಗ್ಯಾಸ್ ಮಾತ್ರೆ ಬರೆದುಕೊಟ್ಟರು! ಮನೆಯಲ್ಲಿ ಅಜ್ಜಿಗೆ ಹೇಳಿದರೆ, ‘ಜಗತ್ತೇ ಮಾಯೆ ಅಂತ ಈಗ ಗೊತ್ತಾಯ್ತಾ?’ ಅಂದರು. ಅಜ್ಜಿಯ ಮಾಯೆಯಲ್ಲಿ ಸಮಾಧಾನ ಇದೆ. ನನ್ನದರಲ್ಲಿ ಬರೀ ಬೆವರು.

ಈಗ ಒಂದು ಸಣ್ಣ ಪ್ರಯೋಗ. ಪೇಪರ್ ತಗೊಂಡು ‘ಬಾಗಿಲು’ ಅಂತ ಬರೆಯಿರಿ. ಮತ್ತೆ ಬರೆಯಿರಿ. ನಿಲ್ಲಿಸದೆ ಬರೆಯುತ್ತಾ ಹೋಗಿ.

[ದೃಶ್ಯ: ಮೇಲಿನಿಂದ ಪೇಪರ್, ಪೆನ್ನು, ಬಾಗಿಲು, ಬಾಗಿಲು, ಬಾಗಿಲು]

ಸ್ವಲ್ಪ ಹೊತ್ತಿಗೆ ‘ಗಿ’ ಸರಿಯಾಗಿದೆಯಾ ಅಂತ ಅನುಮಾನ ಬರುತ್ತದೆ. ಆಮೇಲೆ ಪದವೇ ಪರಕೀಯ. ಇದು ಜಮೇ ವೂ. ದೇಜಾ ವೂ ಗೊತ್ತಲ್ಲ, ಹೊಸದು ಹಳೆಯದು ಅನ್ನಿಸುವುದು? ಇದು ಅದರ ಉಲ್ಟಾ. ಮನೋವಿಜ್ಞಾನಿಗಳಾದ ಕ್ರಿಸ್ ಮೌಲಿನ್, ಅಕಿರಾ ಓ’ಕಾನರ್ ಮತ್ತು ಅವರ ಜೊತೆಗಾರರು ವಿದ್ಯಾರ್ಥಿಗಳ ಕೈಲಿ ಹೀಗೇ ಬರೆಸಿದ್ದರು. ಸುಮಾರು 70% ಜನ ಒಂದು ಸಲವಾದರೂ ‘ಏನೋ ವಿಚಿತ್ರ’ ಅಂತ ಪೆನ್ನು ಕೆಳಗಿಟ್ಟರು. 2023ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಬಂತು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಇದೂ ಡಿರಿಯಲೈಸೇಷನ್ನೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡರಿಂದಲೂ ಒಂದು ವಿಷಯ ಗೊತ್ತಾಗುತ್ತದೆ. ಗುರುತು ಹಿಡಿಯುವುದು ಬೇರೆ, ‘ಇದು ನನಗೆ ಗೊತ್ತಿರುವುದು’ ಅನ್ನುವ ಬಿಸುಪು ಬೇರೆ. ದಿನಾ ಎರಡೂ ಜೊತೆಗೇ ಬರುವುದರಿಂದ ನಮಗೆ ಒಂದೇ ಅನ್ನಿಸುತ್ತದೆ. ಆ ಬಿಸುಪು ಒಂದು ಗಳಿಗೆ ಕೈಕೊಟ್ಟರೆ ಸ್ನೇಹಿತನ ಮುಖ ಸರಿಯಾಗೇ ಕಾಣುತ್ತದೆ, ಹೆಸರೂ ನೆನಪಿರುತ್ತದೆ. ಆದರೂ ಅದು ಫೋಟೋ ಥರ ಇರುತ್ತದೆ.

ಯಾಕೆ ಕೈಕೊಡುತ್ತದೆ? ಹೆಚ್ಚು ಜನ ಒಪ್ಪುವ ವಿವರಣೆ ಇದು. ಗಾಬರಿ ಮಿತಿ ಮೀರಿದಾಗ ಮೆದುಳಿನ ಮುಂಭಾಗ ಭಾವನೆಯ ಜಾಗಗಳನ್ನು ಅದುಮುತ್ತದೆ. ಲೋಡ್ ಜಾಸ್ತಿಯಾದರೆ ಮನೆಯ ಎಂಸಿಬಿ ಟ್ರಿಪ್ ಆಗುತ್ತದಲ್ಲ, ಹಾಗೆ. ಹೋಲಿಕೆ ಪೂರ್ತಿ ಸರಿಯಿಲ್ಲ. ಇಲ್ಲಿ ದೀಪ ಆರುವುದಿಲ್ಲ, ಬಣ್ಣ ಮಾತ್ರ ಹೋಗುತ್ತದೆ. 2001ರಲ್ಲಿ ಲಂಡನ್ನಿನ ಸಂಶೋಧಕರು ಈ ತೊಂದರೆ ಸದಾ ಇರುವವರಿಗೆ ಅಸಹ್ಯ ಹುಟ್ಟಿಸುವ ಚಿತ್ರಗಳನ್ನು ತೋರಿಸಿ ಸ್ಕ್ಯಾನ್ ಮಾಡಿದರು. ಅಸಹ್ಯಕ್ಕೆ ಸ್ಪಂದಿಸುವ ಇನ್ಸುಲಾ ಅನ್ನುವ ಭಾಗ ಅವರಲ್ಲಿ ಉಳಿದವರಷ್ಟು ಕೆಲಸ ಮಾಡಲಿಲ್ಲ.

ಹೀಗೆ ಭಾವನೆ ಅದುಮಿಡುವುದರಿಂದ ಉಪಯೋಗವೂ ಇದೆ. ಆಲ್ಬರ್ಟ್ ಹೈಮ್ ಅಂತ ಸ್ವಿಟ್ಜರ್‌ಲೆಂಡಿನ ಭೂವಿಜ್ಞಾನಿ. ಆಲ್ಪ್ಸ್ ಬೆಟ್ಟದಲ್ಲಿ ತಾನೇ ಬಿದ್ದು ಬದುಕಿದವನು. ಹಾಗೆ ಬಿದ್ದು ಉಳಿದವರ ಅನುಭವಗಳನ್ನು ಕಲೆಹಾಕಿ 1892ರಲ್ಲಿ ಪ್ರಕಟಿಸಿದ. ಬೀಳುವಾಗ ಭಯವೇ ಇರಲಿಲ್ಲ, ಹೊತ್ತು ನಿಧಾನವಾಯಿತು, ತಲೆ ತಿಳಿಯಾಗಿತ್ತು ಅಂತ ಹೆಚ್ಚಿನವರು ಹೇಳಿದ್ದರು. ಬಂಡೆಯಿಂದ ಬೀಳುವಾಗ ಸರಿ. ವಡೆ ಮುಂದೆ ನಿಂತಿರುವಾಗ ಯಾಕೆ ಬೇಕು, ಅಲ್ವಾ?

ನನ್ನ ವಿಷಯದಲ್ಲಿ ಕಾರಣ ಸಿಂಪಲ್. ಹಿಂದಿನ ಎರಡು ರಾತ್ರಿ ಸೇರಿ ಐದು ಗಂಟೆ ನಿದ್ದೆ, ಡೆಡ್‌ಲೈನ್, ಖಾಲಿ ಹೊಟ್ಟೆಗೆ ಮೂರನೇ ಕಾಫಿ. ಪ್ಯಾನಿಕ್ ಅಟ್ಯಾಕ್, ಆತಂಕ, ಮೈಗ್ರೇನ್, ಗಾಂಜಾ, ಇವುಗಳಿಂದಲೂ ಬರುತ್ತದೆ. ನೈಟ್ ಶಿಫ್ಟ್ ಮುಗಿಸಿ ಕ್ಯಾಬ್‌ನಲ್ಲಿ ಕೂತಾಗ ಸಿಲ್ಕ್ ಬೋರ್ಡ್ ಜಂಕ್ಷನ್ ಸಿನಿಮಾ ಸೆಟ್ ಹಾಕಿದ ಹಾಗೆ ಕಂಡಿದ್ದರೆ, ಅದೂ ಇದೇ ಇರಬಹುದು.

ಹುಚ್ಚಿನ ಪ್ರಶ್ನೆಗೆ ವಾಪಸ್ ಬರೋಣ. ಕನ್ನಡದಲ್ಲಿ ‘ಅನ್ನಿಸುತ್ತಿದೆ’ ಅಂತ ಒಂದು ಒಳ್ಳೆಯ ಮಾತಿದೆ. ‘ಇದು ಸುಳ್ಳು ಅನ್ನಿಸುತ್ತಿದೆ’ ಅನ್ನುವವನಿಗೆ ಅದು ಬರೀ ಅನಿಸಿಕೆ ಅಂತ ಗೊತ್ತಿರುತ್ತದೆ. ‘ಇದು ಸುಳ್ಳೇ, ನೀವೆಲ್ಲಾ ನಾಟಕ ಆಡ್ತಿದ್ದೀರಿ’ ಅಂತ ಖಚಿತವಾಗಿ ನಂಬಿದರೆ ವಿಷಯ ಬೇರೆ. ಡಾಕ್ಟರುಗಳು ನೋಡುವ ಮುಖ್ಯ ಗೆರೆ ಇದೇ.

ಆದರೆ ಒಂದು ಕೆಟ್ಟ ಚಾಳಿ ಇದೆ, ಚೆಕ್ ಮಾಡುವುದು. ‘ಈಗ ಸರಿಯಾಯ್ತಾ? ಈಗ?’ ಆ ಘಟನೆಯಾದ ಮೇಲೆ ನಾನು ಒಂದು ವಾರ ಇದನ್ನೇ ಮಾಡಿದೆ. ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುತ್ತಿರುತ್ತದಲ್ಲ, ಹಾಗೆ. ಹುಡುಕಿದಷ್ಟೂ ಗಾಬರಿ, ಗಾಬರಿಯಾದಷ್ಟೂ ಮಂಜು. ಅವತ್ತು ನನ್ನನ್ನು ಈಚೆ ಎಳೆದದ್ದು ಸ್ನೇಹಿತನ ಮಾತು: ‘ಲೋ, ವಡೆ ಆರ್ತಿದೆ ಕಣೋ.’ ಬಿಸಿ ಸಾಂಬಾರಲ್ಲಿ ಬೆರಳು ಅದ್ದಿತು, ಚುರ್ರ್ ಅಂತು, ಲೋಕ ವಾಪಸ್ ಬಂತು. ಆಮೇಲೆ ನಿದ್ದೆ ಸರಿಮಾಡಿಕೊಂಡೆ. ಅದೇ ನಿಜವಾದ ಮದ್ದು.

ದಿನಗಟ್ಟಲೆ ಬಿಡದೇ ಇದ್ದರೆ, ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ಸುಮ್ಮನಿರಬೇಡಿ. ಬಿಡದ ಕಾಯಿಲೆಯಾಗಿ ಇದು ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗುತ್ತದೆ, ಸರಾಸರಿ 16ರ ಹೊತ್ತಿಗೆ. ‘ಸ್ಕೂಲಿಗೆ ಹೋಗದೆ ಇರೋಕೆ ನಾಟಕ’ ಅಂತ ಮಕ್ಕಳನ್ನು ಗದರಬೇಡಿ. ಪ್ರಜ್ಞೆ ತಪ್ಪುವುದು, ಕೈಕಾಲು ಸೆಳೆಯುವುದು ಜೊತೆಗಿದ್ದರೆ ಮೂರ್ಛೆ ರೋಗವೂ ಇರಬಹುದು. ತಕ್ಷಣ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಫ್ರೀ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್ ಹೆಸರನ್ನು ನಾವು ಬೆಂಗಳೂರಿನವರು ಬರೀ ಜೋಕಿಗೆ ಬಳಸಿ ಹಾಳುಮಾಡಿದ್ದೇವೆ. ಹೊಸೂರು ರಸ್ತೆಯಲ್ಲಿ ಅಂಥ ಆಸ್ಪತ್ರೆ ಇದ್ದೂ ಹೋಗೋಕೆ ಸಂಕೋಚ.

[ದೃಶ್ಯ: ಅದೇ ದರ್ಶಿನಿ, ಸಂಜೆ]

ಮೊನ್ನೆ ಅಲ್ಲೇ ನಿಂತು ಕಾಫಿ ಕುಡಿದೆ. ಮೆಡಿಕಲ್ ಶಾಪಿನವರು ಹೊಸ ಎಲ್‌ಇಡಿ ಬೋರ್ಡ್ ಹಾಕಿಸಿದ್ದಾರೆ. ‘ಔ’ ಆರಾಮಾಗಿತ್ತು. ಆದರೂ ಏನೋ ವಿಚಿತ್ರ ಅನ್ನಿಸಿ ಎದೆ ಧಸಕ್ ಅಂತು. ಕಣ್ಣುಜ್ಜಿಕೊಂಡು ಮತ್ತೆ ಓದಿದೆ.

‘ಔಷದಿ’ ಅಂತ ಬರೆಸಿದ್ದಾರೆ.