ಹಬ್ಬದೂಟಕ್ಕೆ ನಾಟಿ ಟರ್ಕಿ

ನಮಸ್ಕಾರ ಕೇಳುಗರೇ. ನಾಟಿ ಕೋಳಿ ಸಾರು ಉಂಡು ಬೆಳೆದವರಿಗೆ ಫಾರಂ ಕೋಳಿ ಯಾಕೆ ಸಪ್ಪೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇಲ್ಲಿ ಅಮೆರಿಕದಲ್ಲಿ ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಅವತ್ತಿನ ಊಟಕ್ಕೆ ಟರ್ಕಿ ಕೋಳಿ ಆಗಲೇಬೇಕು. ಎಷ್ಟೋ ವರ್ಷ ನಾನು ಅಂಗಡಿಯದನ್ನೇ ತಂದು, ಟರ್ಕಿಗೆ ರುಚಿಯೇ ಇಲ್ಲ ಅಂದುಕೊಂಡಿದ್ದೆ. ಅದು ತಪ್ಪು.

ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಒಂದೇ ಜಾತಿ, ಅಗಲ ಎದೆಯ ಬಿಳಿ ಟರ್ಕಿ. ಎದೆ ಮಾಂಸ ಜಾಸ್ತಿ ಬರಲಿ ಅಂತ ಆರಿಸಿ ಆರಿಸಿ ಬೆಳೆಸಿದ್ದಾರೆ, ಈಗ ಆ ಮೈಭಾರಕ್ಕೆ ಹುಂಜ ಹೇಂಟೆ ತಾವಾಗಿ ಕೂಡುವುದಕ್ಕೇ ಆಗುವುದಿಲ್ಲ, ಕೃತಕ ಗರ್ಭಧಾರಣೆ ಮಾಡಿಸಿಯೇ ಮರಿ ಪಡೆಯಬೇಕು. ಬರ್ಬನ್ ರೆಡ್, ನ್ಯಾರಗ್ಯಾನ್ಸೆಟ್, ಬ್ರಾಂಜ್ ಇವೆಲ್ಲ ಹಳೆಯ ತಳಿಗಳು. ತಾವೇ ಕೂಡುತ್ತವೆ, ಬಯಲಲ್ಲಿ ಮೇಯುತ್ತವೆ, ಮೈತುಂಬಲು ಸುಮಾರು 28 ವಾರ ತೆಗೆದುಕೊಳ್ಳುತ್ತವೆ. 1997ರಲ್ಲಿ ಎಣಿಸಿದಾಗ ಅಮೆರಿಕದ ಮರಿ ಕೇಂದ್ರಗಳಲ್ಲಿ ಇಂಥ ತಳಿಗಳ ತಾಯಿ ಕೋಳಿ, ಹುಂಜ ಎಲ್ಲ ಸೇರಿ ಉಳಿದಿದ್ದು 1,335 ಮಾತ್ರ! ಕೊಳ್ಳುವವರೇ ಇಲ್ಲದಿದ್ದರೆ ರೈತ ಯಾಕೆ ಸಾಕುತ್ತಾನೆ? ಆಮೇಲೆ ಜನ ಕೇಳಿ ಕೇಳಿ ಕೊಳ್ಳತೊಡಗಿದರು, ಸಂಖ್ಯೆಯೂ ಏರಿತು. ತಿಂದರೇ ಈ ತಳಿ ಉಳಿಯುವುದು, ನನಗೆ ಇದರಲ್ಲಿ ಅನುಮಾನವಿಲ್ಲ.

ನಾನು ತಂದಿದ್ದು ಬ್ರಾಂಜ್. ಅಂಗಡಿ ಟರ್ಕಿಗಿಂತ ಬೆಲೆ ಹಲವು ಪಟ್ಟು. ಕಾಗದ ಬಿಚ್ಚಿದರೆ ಎದೆ ಸಣ್ಣದು, ಕಾಲು ಉದ್ದ, ಚರ್ಮದಲ್ಲಿ ಅಲ್ಲಲ್ಲಿ ಕಿತ್ತು ಉಳಿದ ಎಳೆ ಪುಕ್ಕದ ಕರೀ ಚುಕ್ಕೆ. ಬಿಳಿ ಟರ್ಕಿಯಲ್ಲಿ ಈ ಚುಕ್ಕೆ ಕಾಣುವುದಿಲ್ಲ, ಅದು ಮಾರುಕಟ್ಟೆ ಗೆದ್ದಿದ್ದಕ್ಕೆ ಇದೂ ಒಂದು ಕಾರಣ. ನಮ್ಮಜ್ಜಿ ಕೋಳಿಯನ್ನು ಬೆಂಕಿಯ ಮೇಲೆ ಹಿಡಿದು ತಿರುಗಿಸಿ ತಿರುಗಿಸಿ ಪುಕ್ಕ ಸುಡುತ್ತಿದ್ದರು, ಆ ವಾಸನೆ ನೆನಪಾಯಿತು. ನಾನು ಚಿಮಟದಲ್ಲಿ ಒಂದೊಂದೇ ಕಿತ್ತೆ.

ಮೊದಲ ವರ್ಷ ಅಂಗಡಿ ಟರ್ಕಿಯ ಲೆಕ್ಕದಲ್ಲೇ ಓವನ್‌ನಲ್ಲಿಟ್ಟೆ, ಎದೆ ಒಣಗಿ ನಾರಾಯಿತು, ಅಷ್ಟು ದುಡ್ಡು ಕೊಟ್ಟು ತಂದಿದ್ದು ಅಂತ ತುಂಬಾ ಬೇಜಾರಾಯಿತು. ಇದರ ಎದೆ ತೆಳು, ಕೊಬ್ಬು ಕಮ್ಮಿ, ಹಾಗಾಗಿ ಬೇಗ ಬೇಯುತ್ತದೆ. ಕಾಲಿಗೆ ಮಾತ್ರ ಹೊತ್ತು ಬೇಕು, ಓಡಾಡಿದ ಕಾಲು ನೋಡಿ. ಮರುವರ್ಷ ಕಾಲು ಬಿಡಿಸಿ ಬೇರೆ ಪಾತ್ರೆಯಲ್ಲಿ ಮುಚ್ಚಿ ನಿಧಾನವಾಗಿ ಬೇಯಿಸಿದೆ, ಎದೆಗೆ ಚರ್ಮದಡಿ ಬೆಣ್ಣೆ ಸವರಿದೆ. ಗಡಿಯಾರ ನಂಬಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ, ದಪ್ಪ ಭಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ಬಂದ ಕೂಡಲೇ ಹೊರಗೆ ತೆಗೆಯಿರಿ, ಅರ್ಧ ಗಂಟೆ ಸುಮ್ನೆ ಬಿಡಿ. ಆಮೇಲೆ ಕತ್ತರಿಸಿ.

ಕಾಲಿನ ಮಾಂಸ ಬಾಯಿಗಿಟ್ಟಾಗ ನನ್ನ ಹೆಂಡತಿ ಅಂದಿದ್ದು ಒಂದೇ ಮಾತು, "ರೀ, ಇದು ಊರಿನ ಕೋಳಿ ಥರ ಇದೆ."

ಬೇಕಿದ್ದರೆ ಬೇಸಿಗೆಯಲ್ಲೇ ರೈತರಿಗೆ ಹೇಳಿಡಿ, 28 ವಾರದ ಕೋಳಿ ನವೆಂಬರ್‌ನಲ್ಲಿ ಕೇಳಿದರೆ ಸಿಗುವುದು ಕಷ್ಟ. ಮೂಳೆ ಬಿಸಾಡಬೇಡಿ. ನಾವು ಶುಕ್ರವಾರ ಅದಕ್ಕೆ ಹುರಿದ ಧನಿಯಾ, ಮೆಣಸು, ಕಾಯಿ ಅರೆದು ಹಾಕಿ ಸಾರು ಮಾಡುತ್ತೇವೆ, ಜೊತೆಗೆ ಬಿಸಿ ರಾಗಿ ಮುದ್ದೆ.